ತೆಂಗಿನ ಚಿಪ್ಪಿನ ಕಾವಲು

ನಮ್ಮದು ಮೊಟ್ಟೆಯ ವಾಸನೆಯನ್ನೂ ಒಳಗೆ ಬಿಡದ ಮನೆ. ಅಂಥ ಮನೆಗೆ ನನ್ನ ಮಗ ಗುರುಪ್ರಕಾಶ ಗಾಜಿನ ತೊಟ್ಟಿ ತಂದು ಮೀನು ಬಿಟ್ಟ. "ಸೌತ್ ಅಮೆರಿಕದ ಸಿಕ್ಲಿಡ್ ಕಣಮ್ಮ, ಜೋಡಿ," ಅಂದ. ಗಂಡು ಯಾವುದು, ಹೆಣ್ಣು ಯಾವುದು ಅಂತ ನಾನು ಕೇಳಲೇ ಇಲ್ಲ; ನನಗೇನು ಕಣ್ಣಿಲ್ಲವೇ? ಕಿತ್ತಳೆ ಬಾಲದ, ಜರಿಯಂಚಿನ ದೊಡ್ಡದಕ್ಕೆ ಗೌರಿ ಅಂತ ಹೆಸರಿಟ್ಟೆ. ಸಪ್ಪೆ ಹಳದಿಯ ಚಿಕ್ಕದು ಶಂಕರ.

ಮೊನ್ನೆ ಮಗಳು ಅನುಪಮಾ ಕುಣಿಗಲ್ಲಿನಿಂದ ಹೇಳದೆ ಕೇಳದೆ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬಂದು ಕೂತಳು. ಬಸುರಿ ಹುಡುಗಿ. ಏನಾಯಿತೆಂದರೆ ಬಾಯೇ ಬಿಡಳು. ನಿನ್ನೆ ಅಳಿಯ ನಾಗಭೂಷಣ ಫೋನ್ ಮಾಡಿ, ನಾಳೆ ಮಧ್ಯಾಹ್ನ ಬಂದು ಕರೆದುಕೊಂಡು ಹೋಗುತ್ತೇನೆ ಅಂದಾಗ "ಬಾರಪ್ಪ" ಅಂದುಬಿಟ್ಟೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ಅಲ್ಲವೇ? ಹಾಗಂದುಕೊಂಡರೂ ಇವತ್ತು ಬೆಳಗಿನಿಂದ ಅದೇ ಯೋಚನೆ. ಹೊಡೆದಿದ್ದಾನೋ ಏನೋ! ತಲೆಗೆ ನೀರು ಹಾಕುವ ನೆಪದಲ್ಲಿ ಅವಳ ತೋಳು, ಬೆನ್ನು ಎಲ್ಲ ನೋಡಿದೆ. ಒಂದು ಗೀರೂ ಇರಲಿಲ್ಲ.

ಹಾಳಾದ್ದು, ಬಚ್ಚಲಿನಿಂದ ಹೊರಗೆ ಬಂದರೆ ಮೀನಿನ ತೊಟ್ಟಿಯಲ್ಲಿ ಶಂಕರ ಗೌರಿಯನ್ನು ಅಟ್ಟಾಡಿಸಿ ಕಚ್ಚುತ್ತಿದ್ದ. ಅವಳ ಬಾಲ ಹರಿದಿತ್ತು. ಮೂಲೆ ಹಿಡಿದು ಮುದುಡಿದ್ದಳು. ನನಗೆ ಮೈಯೆಲ್ಲ ಉರಿಯಿತು. "ನಿನ್ನ ಗಂಡಸ್ತನಕ್ಕೆ ಬೆಂಕಿ ಹಾಕ!" ಎಂದು ಬೈದು, ಬಲೆಯಲ್ಲಿ ಶಂಕರನನ್ನು ಎತ್ತಿ ಬಕೆಟ್ಟಿಗೆ ಹಾಕಿದೆ.

ಗೌರಿ ಮೂಲೆ ಬಿಟ್ಟು ನೇರವಾಗಿ, ಮಗ ತೊಟ್ಟಿಯ ತಳದಲ್ಲಿ ಬೋರಲು ಹಾಕಿದ್ದ ತೆಂಗಿನ ಚಿಪ್ಪಿನೊಳಗೆ ನುಗ್ಗಿತು. ಅನುಪಮಾ ಮೊಬೈಲ್ ಟಾರ್ಚ್ ಬಿಟ್ಟಳು. ಚಿಪ್ಪಿನ ಒಳಮೈಗೆ ಕೆಂಪು ಮೊಟ್ಟೆಗಳು ಅಂಟಿಕೊಂಡಿದ್ದವು. ಗೌರಿ ಅವನ್ನು ಕಿತ್ತು ಕಿತ್ತು ತಿನ್ನುತ್ತಿತ್ತು.

ಅಯ್ಯೋ ಶಿವನೇ! ಗುಬ್ಬಿಗೆ ಡ್ಯೂಟಿಗೆ ಹೋಗಿದ್ದ ಮಗನಿಗೆ ಫೋನ್ ಮಾಡಿದೆ.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದಂಗಾಯ್ತಲ್ಲಮ್ಮ!" ಎಂದು ಕಿರುಚಿದ. "ಬಣ್ಣ ಇರೋದೇ ಗಂಡು. ಹಳದೀದು ತಾಯಿ ಕಣಮ್ಮ, ಮೊಟ್ಟೆ ಕಾಯೋಕೆ ಅಟ್ಟಾಡಿಸ್ತಿತ್ತು. ಬೇಗ ಬಿಡು ಅದನ್ನ!"

ತಾಯಿಯನ್ನು ತೊಟ್ಟಿಗೆ ಬಿಟ್ಟು, ಆ ಗಂಡನ್ನು ಬಕೆಟ್ಟಿಗೆ ಹಾಕಿದೆ. ಹಳದಿ ಮೀನು ಚಿಪ್ಪಿನೊಳಗೆ ಸೇರಿ, ಉಳಿದ ಮೊಟ್ಟೆಗಳಿಗೆ ರೆಕ್ಕೆ ಬೀಸತೊಡಗಿತು. ಹೆಚ್ಚೇನೂ ಉಳಿದಿರಲಿಲ್ಲ.

ಅನುಪಮಾ ಅಲ್ಲೇ ನೆಲಕ್ಕೆ ಕುಸಿದು ಬಿಕ್ಕಿದಳು.

"ಅವ್ರು ನಂಗೆ ಹೊಡೀಲಿಲ್ಲ ಕಣಮ್ಮ. ನಾನೇ ಅವ್ರ ಕೆನ್ನೆಗೆ ಬಾರಿಸಿ ಬಂದೆ. ಎಲ್ಲೋ ಕದ್ದು ಸ್ಕ್ಯಾನ್ ಮಾಡ್ತಾರಂತೆ. ಹೆಣ್ಣಾದ್ರೆ ತೆಗೆಸಿಬಿಡೋಣ ಅಂದ್ರು."

ಇಂಥವನಿಗೆ ನಾನು ಬಾರಪ್ಪ ಅಂದಿದ್ದೆನಲ್ಲ!

ಅಷ್ಟರಲ್ಲಿ ಗೇಟು ಕಿರ್ರೆಂದಿತು. ಅಳಿಯ ಹಣ್ಣಿನ ಕವರ್ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ.

"ಅನು ರೆಡಿನಾ, ಅತ್ತೆ?"

ನಾನು ಗ್ರಿಲ್ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿದೆ.

"ಗಂಡಾಗ್ಲಿ, ಹೆಣ್ಣಾಗ್ಲಿ, ಹೆರಿಗೆ ಇಲ್ಲೇ ಕಣಯ್ಯಾ," ಅಂದೆ. "ನೀನು ಹೊರಡು."