ಯಜ್ಞನಾರಾಯಣರ ಎಣ್ಣೆಸ್ನಾನ

ತಪ್ಪು ಮಾಡಿದವನು ತಾನಾಗಿ ಎದ್ದು ನಿಲ್ಲುವವರೆಗೆ ತಾವೂ ಕೂರದಿರುವುದು ಡಾಕ್ಟರ್ ಯಜ್ಞನಾರಾಯಣರ ಪದ್ಧತಿ. ಕಡಲಾಚೆಯ ಸುಬಾಂಗ್ ಜಯಾದ ಸಮೀಪದ ಮೆಡಿಕಲ್ ಕಾಲೇಜೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಅಂಗರಚನಾಶಾಸ್ತ್ರ ಕಲಿಸುತ್ತಿರುವ ಈ ಉಡುಪಿಯ ಮನುಷ್ಯ, ಒಮ್ಮೆ ಕೈಮೂಳೆಗಳ ಪೆಟ್ಟಿಗೆಯಿಂದ ಬಟಾಣಿ ಗಾತ್ರದ ಎಲುಬೊಂದು ಕಾಣೆಯಾದಾಗ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಎಡಕ್ಕೆ ತುಸು ವಾಲಿ, ತರಗತಿಯ ಮುಂದೆ ಒಂದು ಗಂಟೆ ಹತ್ತು ನಿಮಿಷ ಸುಮ್ಮನೆ ನಿಂತಿದ್ದರು. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಅಳುತ್ತ ಎದ್ದಳು. ಡಾಕ್ಟರು ಗದರಲಿಲ್ಲ. ತರಗತಿಯಲ್ಲಿ ಇಂಗ್ಲಿಷಿನಲ್ಲೂ ಮನೆಯಲ್ಲಿ ಕನ್ನಡದಲ್ಲೂ ಅವರು ಆಡುವ ಮಾತು ಒಂದೇ: "ಹೇಳಿದ್ರೆ ಮುಗೀತಲ್ಲ, ಅದಕ್ಕೆ ಇಷ್ಟು ಹೊತ್ತಾ?"

ಬೆವರಿಳಿಯುವ ಆ ಊರಿನಲ್ಲಿ ವರ್ಷವಿಡೀ ಕಂದು ಬಣ್ಣದ ಕೋಟು ತೊಡುವ ಏಕೈಕ ಪ್ರಾಣಿ ಅವರೇ ಇರಬೇಕು. "ಮೇಷ್ಟ್ರು ಅಂದ್ಮೇಲೆ ಮೇಷ್ಟ್ರ ಹಾಗೆ ಕಾಣ್ಬೇಕು ಮಾರಾಯ್ತಿ" ಎಂದು ಹೆಂಡತಿ ವಾರಿಜಾಳ ಬಾಯಿ ಮುಚ್ಚಿಸುತ್ತಿದ್ದರು. ಒಮ್ಮೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಯಾರದೋ ಕಾರಿನ ಕನ್ನಡಿಗೆ ತಮ್ಮ ಕಾರು ಉಜ್ಜಿದಾಗ, ನೋಡಿದವರು ಯಾರೂ ಇಲ್ಲದಿದ್ದರೂ ಕ್ಷಮಾಪಣೆಯ ಚೀಟಿ ಬರೆದು, ಕೆಳಗೆ ತಮ್ಮ ಹೆಸರು, ಪದವಿಗಳು, ಮನೆಯ ನಂಬರು ಎಲ್ಲವನ್ನೂ ನಮೂದಿಸಿ ವೈಪರಿಗೆ ಸಿಕ್ಕಿಸಿ ಬಂದಿದ್ದರು. ಕಾರಿನ ಒಡೆಯ ಮಾರನೆಯ ದಿನ ಕೇಕು ಹಿಡಿದುಕೊಂಡು ಬಂದ. ಸತ್ಯಕ್ಕೆ ಇಂಥ ಸಿಹಿ ಫಲವೇ ಸಿಗುತ್ತದೆಂದು ಡಾಕ್ಟರು ಆ ವಾರವೆಲ್ಲ ಮಗಳು ಮೇಧಾಳಿಗೆ ಹೇಳಿದ್ದೇ ಹೇಳಿದ್ದು.

ಅವರಿಗಿದ್ದ ಒಂದೇ ಕೊರಗು ನರಕಚತುರ್ದಶಿಯ ಎಣ್ಣೆಸ್ನಾನದ್ದು. ಶವರಿನ ಕೆಳಗೆ ನಿಂತು ಎಣ್ಣೆ ತೊಳೆದುಕೊಳ್ಳುವುದು ಹಬ್ಬಕ್ಕೆ ಮಾಡುವ ಅವಮಾನವೆಂದು ಪ್ರತಿ ದೀಪಾವಳಿಗೂ ಗೊಣಗುತ್ತಿದ್ದರು. ಅದನ್ನು ಕೇಳಿ ಕೇಳಿ ಸಾಕಾಗಿ ಮೇಧಾ ಈ ವರ್ಷ ಪಹಾಂಗಿನ ಗುಡ್ಡವೊಂದರ ರೆಸಾರ್ಟಿನಲ್ಲಿ ಕೋಣೆ ಹಿಡಿದಳು. ಅಲ್ಲಿ ಪ್ರತಿ ಕೋಣೆಗೂ ಅದರದೇ ಕಲ್ಲಿನ ತೊಟ್ಟಿ; ನೆಲದೊಳಗಿಂದ ಉಕ್ಕುವ ಬಿಸಿನೀರು ನೇರವಾಗಿ ಅದಕ್ಕೇ ಬೀಳುತ್ತಿತ್ತು. ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದ್ದರಿಂದ ಮೇಲಿನವರ ಅಂಗಳವೇ ಕೆಳಗಿನವರ ಮಾಡು.

ತೊಟ್ಟಿಯ ಮೇಲಿನ ಗೋಡೆಯಲ್ಲಿ ಮೂರು ಭಾಷೆಗಳ ಫಲಕವಿತ್ತು: ಸೋಪು, ಎಣ್ಣೆ, ಪುಡಿ ಯಾವುದನ್ನೂ ಬಳಸಬಾರದು. ಓದಲು ಬಾರದವರಿಗೆಂದು ಚಿತ್ರವೂ ಇತ್ತು. ಡಾಕ್ಟರು ಕನ್ನಡಕ ಏರಿಸಿ ಅದನ್ನು ಪೂರ್ತಿ ಓದಿದರು.

"ಬೇಡ ಇವ್ರೇ, ಸ್ಪಷ್ಟ ಬರ್ದಿದ್ದಾರೆ" ಎಂದಳು ವಾರಿಜಾ.

"ಅದು ಶಾಂಪೂ ಸುರಿಯುವವರಿಗೆ. ನಮ್ಮದು ಶಾಸ್ತ್ರ" ಎಂದು, ನಮ್ಮವರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ನಿಂದ ತಂದ ತೆಂಗಿನೆಣ್ಣೆಯನ್ನು ನೆತ್ತಿಗೆ ತಟ್ಟಿಸಿಕೊಂಡು, ಮೈಗೆಲ್ಲ ಕಡಲೆಹಿಟ್ಟು ತಿಕ್ಕಿಕೊಂಡು, ಬೆಳಕು ಹರಿಯುವ ಮೊದಲೇ ಆ ತೊಟ್ಟಿಗೆ ಇಳಿದರು. ಅರ್ಧ ಗಂಟೆ ಅವರು ಅಲ್ಲಿ ಅನುಭವಿಸಿದ್ದು ಶುದ್ಧ ಬಾಲ್ಯ. ಆಮೇಲೆ, ತೊಟ್ಟಿ ತಾನೇ ತೊಳೆದುಕೊಳ್ಳಲಿ ಎಂದು ನೀರಿನ ಬಾಯಿಯನ್ನು ತೆರೆದೇ ಬಿಟ್ಟು, ಕೋಟು ತೊಟ್ಟು, ಹೆಂಡತಿ ಮಗಳೊಂದಿಗೆ ತಿಂಡಿಗೆ ಹೋದರು.

ಬಿಸಿನೀರಿಗೆ ಬಿದ್ದ ಕಡಲೆಹಿಟ್ಟು ಏನಾಗುತ್ತದೆಂಬುದು ಝುಣಕ ಮಾಡಿದವರಿಗೆಲ್ಲ ಗೊತ್ತು. ಬೆಂದು, ಗಟ್ಟಿಯಾಗಿ, ನೀರು ಹೋಗುವ ಜಾಲರಿಗೆ ಮೆತ್ತಿಕೊಂಡಿತು. ತೊಟ್ಟಿ ತುಂಬಿ ಹರಿದು ಕೆಳಗಿನ ಕೋಣೆಯ ಹಾಸಿಗೆಯ ಮೇಲೆ ಸೋರಿತು. ಇವರು ಮರಳಿ ಬರುವ ಹೊತ್ತಿಗೆ ಬಾಗಿಲಲ್ಲಿ ಸೂಪರ್‌ವೈಸರು ಜಾಲರಿಯಿಂದ ಕೆತ್ತಿದ ಹಳದಿ ಮುದ್ದೆಯನ್ನು ಅಂಗೈಯಲ್ಲಿಟ್ಟುಕೊಂಡು, ಕೋಣೆ ತೊಳೆಯುವ ಚಾಮುಂಡಿ ಎಂಬ ನಡುವಯಸ್ಸಿನ ತಮಿಳು ಹೆಂಗಸನ್ನು ಬೈಯುತ್ತಿದ್ದ. ಅವಳು ಹಿಂದಿನ ದಿನ ತೊಟ್ಟಿ ಉಜ್ಜಿದ್ದು ಹಳದಿ ಬಣ್ಣದ ಸೋಪಿನ ಪುಡಿಯಿಂದಲೇ. ಅದನ್ನು ಸರಿಯಾಗಿ ತೊಳೆಯದೆ ಹೋದಳೆಂಬುದು ಅವನ ತೀರ್ಮಾನ. ಇದು ಮೂರನೆಯ ದೂರು, ನಾಳೆಯಿಂದ ಬರುವುದೇ ಬೇಡ ಎಂದ. ಅವಳು "ನಾನ್ ಇಲ್ಲೆ ಸಾರ್, ನಾನ್ ಇಲ್ಲೆ" ಎಂದು ತಮಿಳಿನಲ್ಲಿ ತಾನಲ್ಲವೆನ್ನುತ್ತಿದ್ದಳು.

ಸೂಪರ್‌ವೈಸರು ಡಾಕ್ಟರ ಕಡೆ ತಿರುಗಿ, ತಾವು ತೊಟ್ಟಿಗೆ ಏನಾದರೂ ಹಾಕಿದ್ದಿರಾ ಎಂದು ವಿನಯದಿಂದ ಕೇಳಿದ.

ಹೇಳಿದರೆ ಮುಗಿಯುತ್ತಿತ್ತು. ಆದರೆ ಆ ಗಳಿಗೆಯಲ್ಲಿ ಯಜ್ಞನಾರಾಯಣರ ಕಣ್ಣಿಗೆ ಕಂಡದ್ದು ಆ ಫಲಕ, ಅದರ ಕೆಳಗೆ ಓದಲು ಬಾರದವರಿಗೆಂದು ಬರೆದ ಚಿತ್ರ, ಕೆಳಗಿನ ಕೋಣೆಯಿಂದ ಒದ್ದೆ ದಿಂಬು ಹಿಡಿದು ಬಂದು ನಿಂತಿದ್ದ ಚೀನೀ ದಂಪತಿ. ಪ್ರೊಫೆಸರನೊಬ್ಬ ಮೈಗೆ ಹಿಟ್ಟು ಬಳಿದುಕೊಂಡು ತೊಟ್ಟಿಗಿಳಿದ ಕಥೆಯನ್ನು ಅವರೆಲ್ಲರ ಮುಂದೆ ಬಿಡಿಸಿ ಹೇಳಬೇಕಲ್ಲ ಎಂದು ಅವರ ಗಂಟಲು ಒಣಗಿತು. "ನೋ, ನೋ" ಎಂದರು. ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಆದರೆ ಹೆದರಿದವನ ನಾಲಿಗೆಗೆ ಒಂದು ಸುಳ್ಳು ಸಾಲದು. ನಿನ್ನೆ ನಾವು ಬಂದಾಗ ಆಕೆ ಸ್ವಲ್ಪ ಅವಸರದಲ್ಲಿದ್ದ ಹಾಗೆ ಕಂಡಿತು ಎಂದೂ ಸೇರಿಸಿದರು.

ಆಗ ಚಾಮುಂಡಿ ತಲೆಯೆತ್ತಿ ಅವರನ್ನು ನೋಡಿದಳು. ಅವಳ ತಲೆಗೂದಲೂ ಹಬ್ಬದ ಸ್ನಾನದಿಂದ ಇನ್ನೂ ಒದ್ದೆಯಾಗಿತ್ತು. ತನ್ನ ಬಲಗಿವಿಯ ಹಿಂದೆ ಬೆರಳಿನಿಂದ ಒಮ್ಮೆ ಒರೆಸಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಡಾಕ್ಟರ ಕೈ ತಂತಾನೇ ತಮ್ಮ ಕಿವಿಯ ಹಿಂದಕ್ಕೆ ಹೋಯಿತು. ಅಲ್ಲಿ ಒಣಗಿದ ಹಿಟ್ಟಿತ್ತು. ಅವರು ಒರೆಸಿಕೊಳ್ಳುವಾಗ ಅವಳು ಮುಖ ತಿರುಗಿಸಿ, ನೆಲದ ನೀರು ಬಳಿಯತೊಡಗಿದಳು. ಬೆರಳೆತ್ತಿ ತೋರಿಸಿದ್ದರೆ ಅವಳ ಕೆಲಸ ಉಳಿಯುತ್ತಿತ್ತೋ ಏನೋ. ಹಬ್ಬದ ದಿನ ದೊಡ್ಡ ಮನುಷ್ಯನೊಬ್ಬನ ಮಾನ ಕಳೆಯಲು ಅವಳಿಗೆ ಮನಸ್ಸು ಬರಲಿಲ್ಲ.

ವಾಪಸು ಹೊರಟ ಕಾರು ಗುಡ್ಡ ಇಳಿಯಿತು.

"ನೀವು ಹೇಳ್ತೀರಿ ಅಂತ ಕಾದೆ ನಾನು" ಎಂದಳು ವಾರಿಜಾ. ಮತ್ತೆ, "ಹಿಟ್ಟು ಕಲಸಿ ಕೊಟ್ಟವಳು ನಾನೇ. ನಾನಾದ್ರೂ ಹೇಳ್ಬಹುದಿತ್ತು" ಎಂದಳು.

ಹಿಂದಿನ ಸೀಟಿನಿಂದ ಮೇಧಾ ಆ ಊರಿನ ಇಂಗ್ಲಿಷಿನಲ್ಲಿ, "ಟರ್ನ್ ಬ್ಯಾಕ್ ಲಾ, ಅಪ್ಪ. ಪ್ಲೀಸ್" ಎಂದಳು.

ಹಿಂತಿರುಗಲು ಹತ್ತು ನಿಮಿಷ ಸಾಕಿತ್ತು. ಯಜ್ಞನಾರಾಯಣರಿಗೆ ಹನ್ನೊಂದು ದಿನ ಬೇಕಾಯಿತು. ಆ ಹನ್ನೊಂದು ದಿನ ಅವರಿಗೆ ಊಟ ಸೇರಲಿಲ್ಲ. ಕನ್ನಡಿಯ ಮುಂದೆ ನಿಂತಾಗಲೆಲ್ಲ ಕಿವಿಯ ಹಿಂದೆ ಕೈ ಹೋಗುತ್ತಿತ್ತು. ತಮ್ಮ ಮೇಲೆ ತಮಗೇ ಹೇಸಿಗೆಯಾಗುತ್ತಿತ್ತು. ಕೊನೆಗೆ ಒಂದು ಶನಿವಾರ, ಉಳಿದ ಕಡಲೆಹಿಟ್ಟಿನ ಪೊಟ್ಟಣವನ್ನು ಸಾಕ್ಷಿಯಾಗಿ ಕೋಟಿನ ಜೇಬಿಗೆ ಹಾಕಿಕೊಂಡು ಒಬ್ಬರೇ ಗುಡ್ಡ ಹತ್ತಿದರು.

ಮ್ಯಾನೇಜರಳ ಮೇಜಿನ ಮೇಲೆ ಪೊಟ್ಟಣವಿಟ್ಟು ನಡೆದದ್ದನ್ನೆಲ್ಲ ಹೇಳಿದರು. ಅವಳು ಪೊಟ್ಟಣವನ್ನು ನೋಡಿದಳು, ಕೋಟನ್ನು ನೋಡಿದಳು, ಕರುಣೆಯಿಂದ ನಕ್ಕಳು.

"ಡಾಕ್ಟರ್, ಯೂ ಆರ್ ಟೂ ಕೈಂಡ್ ಲಾ. ಆಕೆಯ ಮನೆಯವರು ಬಂದು ಕಾಲು ಹಿಡಿದರಾ? ನಿಮ್ಮ ಜನ ಅಂತ ನೀವು ತಪ್ಪು ಮೈಮೇಲೆ ಎಳ್ಕೊಳ್ಳಬೇಡಿ."

ಯಜ್ಞನಾರಾಯಣರು ಮತ್ತೆ ಹೇಳಿದರು, ದನಿ ಏರಿಸಿಯೂ ಹೇಳಿದರು. ಹೇಳಿದಷ್ಟೂ ಅವರ ಮೇಲೆ ಅವಳ ಗೌರವ ಹೆಚ್ಚಿತು. ಚಾಮುಂಡಿಯ ಜಾಗಕ್ಕೆ ಬೇರೆಯವಳು ಬಂದಾಗಿತ್ತು. ಚಾಮುಂಡಿಯ ವಿಳಾಸ ಕೊಡುವ ನಿಯಮ ಇರಲಿಲ್ಲ. ಮುಂದಿನ ವಾರ ರೆಸಾರ್ಟಿನಿಂದ ಒಂದು ಪತ್ರ ಬಂತು: ಬಡ ಕೆಲಸಗಾರ್ತಿಯ ಬಗ್ಗೆ ತಾವು ತೋರಿದ ಉದಾರತೆಗೆ ಕೃತಜ್ಞತೆ, ಜೊತೆಗೆ ಅದೇ ಕೋಣೆಯಲ್ಲಿ ಒಂದು ದಿನದ ಉಚಿತ ವಾಸ.

ಇಂಥ ಸಂಭಾವಿತರು ನಮ್ಮಲ್ಲಿ ಬಹಳ ಮಂದಿ. ಕೆಟ್ಟವರಲ್ಲ, ಕೆಟ್ಟವರೆಂದರೆ ಅವರಿಗೂ ನಮಗೂ ಹಗುರಾಗುತ್ತಿತ್ತು. ಅವರು ಸುಳ್ಳು ಹೇಳಿದರೆ ಲೋಕ ನಂಬುತ್ತದೆ, ನಿಜ ಹೇಳಿದರೆ ಹೊಗಳುತ್ತದೆ. ಬೈಸಿಕೊಳ್ಳಬೇಕೆಂದು ಹೋದರೂ ಹಾರ ಹಾಕಿಸಿಕೊಂಡೇ ಬರುತ್ತಾರೆ. ಅವರ ಸತ್ಯದಿಂದ ಇನ್ನೊಬ್ಬರಿಗೆ ಉಪಕಾರವಾಗುವ ಗಳಿಗೆ ಒಂದಿರುತ್ತದೆ, ಬಾಯಿ ಒಣಗುವ ಆ ಮೊದಲ ಗಳಿಗೆ. ಅದು ದಾಟಿದ ಮೇಲೆ ಹೇಳುವ ಸತ್ಯವೆಲ್ಲ ಹೇಳಿದವರಿಗೇ ಭೂಷಣ. ಚಾಮುಂಡಿಗೆ ಅದರಿಂದ ಒಂದು ಹೊತ್ತಿನ ಅನ್ನವೂ ಹುಟ್ಟುವುದಿಲ್ಲ.