ಬಾಕ್ಸ್ ತುಂಬಿರ್ಲಿ

"ಸಾರ್, ಈ ಕಲ್ಲು ಈ ಗುಡ್ಡದ್ದಲ್ಲ."

ಎಲ್ಲರೂ ಡೈಲಾಗು ಅಂತ ಕರೆಯೋನು ಶೆಡ್ಡಿನ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಕಲ್ಲಿನ ಬಾಕ್ಸಿಂದ ಒಂದು ತುಂಡು ಎತ್ತಿ ಹಿಡಿದಿದ್ದ. ಕಲ್ಲು ಪರೀಕ್ಷೆ ಮಾಡೋ ಸಾರು ತಲೆ ಎತ್ತಲಿಲ್ಲ. ಅವರ ಮೊಬೈಲಲ್ಲಿ ಮಂತ್ರಿಗಳು ಮಾತಾಡ್ತಿದ್ರು. ಬ್ಯಾಟರಿಗೆ ಬೇಕಾದ ಲಿಥಿಯಂಗೆ ಇನ್ಮೇಲೆ ದೇಶ ಯಾರ ಹತ್ರಾನೂ ಕೈಯೊಡ್ಡೋದಿಲ್ಲವಂತೆ, ನಮ್ಮ ಮಣ್ಣಲ್ಲೇ ಸಿಕ್ಕಿದೆಯಂತೆ, ಹೊಸ ನೀತಿ ಪ್ರಕಾರ ಅಂಥ ಜಾಗಾನ ಸರ್ಕಾರ ತಡಮಾಡದೆ ತಗೊಳ್ಳುತ್ತಂತೆ. ಆಮೇಲೆ ಗುಡ್ಡದ ಫೋಟೋ ಬಂತು. ಫೋಟೋದ ಮೂಲೇಲಿ ನೀಲಿ ಶೀಟಿನ ಮನೆ. ಡೈಲಾಗಿನ ಅಕ್ಕನದು.

ನೆಲ ಕೊರೆಯೋ ಮಷಿನ್ ಓಡಿಸೋನಿಗೆ ಆ ಅಡ್ಡಹೆಸರು ಸುಮ್ನೆ ಬಿದ್ದಿರಲಿಲ್ಲ. ಮಷಿನ್ ಕೆಮ್ಮಿ ನಿಂತ್ರೆ, "ನೀನು ನಿಂತಿದೀಯ ಅಂದ್ರೆ ನಾನು ಸೋತಿದೀನಿ ಅಂತಲ್ಲ ಕಣೋ" ಅಂತ ಕಾಲರ್ ಎತ್ತಿ ಹೇಳಿ, ಆಮೇಲೆ ಡೀಸೆಲ್ ಹಾಕ್ತಿದ್ದ. ಊಟದ ಡಬ್ಬಿಗೆ ಜಲ್ಲಿ ತುಂಬಿ ಕೊಡೋದು, ಸಾರಿನ ಹೆಲ್ಮೆಟ್ಟಿಗೆ ಪೌಡರ್ ಸುರಿಯೋದು, ಇಂಥ ಘನಕಾರ್ಯಕ್ಕೆಲ್ಲ ಅವನೇ ಹೀರೋ. ಕೆಲಸದಲ್ಲಿ ಮಾತ್ರ ಆಟ ಆಡ್ತಿರಲಿಲ್ಲ. ನೆಲದೊಳಗಿಂದ ಬರೋ ಕಲ್ಲಿನ ಕೋಲುಗಳನ್ನ ಬಂದ ಸಾಲಲ್ಲೇ ಬಾಕ್ಸಲ್ಲಿ ಜೋಡಿಸಬೇಕು. ಎಲ್ಲಾದ್ರೂ ಕಲ್ಲು ಪುಡಿಯಾಗಿ ಕೊಚ್ಚಿಹೋಗಿದ್ರೆ ಆ ಜಾಗದಲ್ಲಿ ಮರದ ತುಂಡಿಟ್ಟು "ಇಲ್ಲಿಲ್ಲ" ಅಂತ ಬರೀಬೇಕು. ಡೈಲಾಗು ಅದನ್ನ ಸಿನಿಮಾ ಟೈಟಲ್ ಥರ ದಪ್ಪಕ್ಷರದಲ್ಲಿ ಬರೀತಿದ್ದ.

ರಾಜಧಾನಿಯಿಂದ ಅತಿಥಿಗಳು ಬರೋ ದಿನ ಸಾರು ಬಾಕ್ಸ್ ನೋಡಿ ಮುಖ ಕಿವುಚಿದ್ರು. ಹಲ್ಲುದುರಿದ ಬಾಯಿ ಥರ ಇದೆಯಲ್ಲಪ್ಪಾ, ಬಾಕ್ಸ್ ತುಂಬಿರ್ಲಿ ಅಂದ್ರು. ದೂರದ ಹಳೇ ಸೈಟಿಂದ ಬಂದ, ಲಿಥಿಯಂ ಇರೋ ನೇರಳೆ ಬಣ್ಣದ ಮಿಂಚೋ ಕಲ್ಲು ಒಂದು ಚೀಲ ಇತ್ತು, ಶೆಡ್ಡಿನ ಬಾಗಿಲು ಬಡ್ಕೊಳ್ದೇ ಇರಲಿ ಅಂತ ಅದಕ್ಕೆ ಒತ್ತಿಟ್ಟಿದ್ರು. ಡೈಲಾಗು ಮರದ ತುಂಡು ಕಿತ್ತು, ಆ ಜಾಗಕ್ಕೆಲ್ಲ ಅದನ್ನೇ ತುರುಕಿದ. ಮೇಕಪ್ಪು ಅಷ್ಟೇ, ಶೂಟಿಂಗ್ ಮುಗಿದ ಮೇಲೆ ತೊಳೆದ್ರಾಯ್ತು ಅಂದ್ಕೊಂಡ. ಅತಿಥಿಗಳು ನೇರಳೆ ಕಲ್ಲಿನ ಜೊತೆ ಸೆಲ್ಫಿ ತಗೊಂಡು ಹೋದ್ರು. ಆ ಸಂಜೆನೇ ಅವನನ್ನ ಮಷಿನ್ ಸಮೇತ ಬೇರೆ ಸೈಟಿಗೆ ಕಳಿಸಿದ್ರು. ವಾಪಸ್ ಬರೋಹೊತ್ತಿಗೆ ಬಾಕ್ಸಿನ ಕಲ್ಲನ್ನೆಲ್ಲ ಉದ್ದಕ್ಕೆ ಸೀಳಿ, ಅರ್ಧ ಲ್ಯಾಬಿಗೆ ಹೋಗಿ, ಲ್ಯಾಬಿಂದ ಮಂತ್ರಿಗಳ ಬಾಯಿಗೆ ಬಂದಾಗಿತ್ತು.

ಇದನ್ನೆಲ್ಲ ಅವನು ಒಂದೂ ಪಂಚ್ ಇಲ್ಲದೆ ಹೇಳಿ ಮುಗಿಸಿದ. ಸಾರು ಮೊಬೈಲ್ ಬೋರಲು ಹಾಕಿ, ಹೆಬ್ಬೆರಳಿಗೆ ಉಗುಳು ಹಚ್ಚಿ ಕಲ್ಲು ಉಜ್ಜಿ ನೋಡಿದ್ರು. ನಂಬಲ್ಲ, ಬೈತಾರೆ, ಕೆಲಸದಿಂದ ಕಿತ್ತಾಕ್ತಾರೆ ಅಂತ ಡೈಲಾಗು ಎಲ್ಲದಕ್ಕೂ ರೆಡಿಯಾಗಿ ಬಂದಿದ್ದ. ಅವರು ನಂಬಿಬಿಟ್ರು.

"ಅಲ್ಲೇ ಪಕ್ಕದಲ್ಲಿ ಇನ್ನೊಂದು ತೂತು ಕೊರೆಯೋಣ ಸಾರ್. ಸಂಬಳ ಬೇಡ, ನಾನೇ ಕೊರೀತೀನಿ."

"ಹುಡುಕೋಕೆ ಹೇಳಿದ್ರು. ಸಿಕ್ತು ಅಂದಾಯ್ತು. ಸಿಕ್ಕಿದ್ದನ್ನ ಮತ್ತೆ ಹುಡುಕೋಕೆ ಯಾರು ಬಿಡ್ತಾರೆ?"

"ಅಲ್ಲಿ ಏನೂ ಇಲ್ಲ ಸಾರ್."

"ಅಗೆದ ಮೇಲೆ ಗೊತ್ತಾಗುತ್ತೆ ಬಿಡು." ಸಾರು ಕಲ್ಲನ್ನ ಅದೇ ಜಾಗಕ್ಕೆ, ಅಂಚು ಸರಿಯಾಗಿ ಕೂರೋ ಹಾಗೆ ತಿರುಗಿಸಿ ಇಟ್ರು. "ತುಂಬು ಅಂದೋನು ನಾನು, ತುಂಬಿದೋನು ನೀನು. ನನಗೂ ಮನೆ ಮಠ ಇದೆಯಪ್ಪಾ."

"ನಮ್ಮಕ್ಕನಿಗೂ ಇದೆ ಸಾರ್."

ಸಾರು ಬಾಕ್ಸಿನ ಮುಚ್ಚಳ ಹಾಕಿದ್ರು.

ಡೈಲಾಗು ದೊಡ್ಡ ಆಫೀಸಿಗೂ ಹೋದ. ಸಿನಿಮಾದಲ್ಲಾದ್ರೆ ಬಾಗಿಲು ಒದ್ದು ಒಳಗೆ ಹೋಗ್ಬೇಕಿತ್ತು. ಇವನು ಚಪ್ಪಲಿ ಹೊರಗೆ ಬಿಟ್ಟು ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತಿದ್ದ. ಅಧಿಕಾರಿ ಪೂರ್ತಿ ಕೇಳಿಸ್ಕೊಂಡು, ಆ ಗುಡ್ಡದಲ್ಲಿ ನಿಮ್ಮದೇನಾದ್ರೂ ಇದೆಯಾ ಅಂದ. ಅಕ್ಕನ ಮನೆ ಅಂದ ಡೈಲಾಗು. ಅಧಿಕಾರಿ ನಕ್ಕ. ಮನೆ ಹೋಗುತ್ತೆ ಅಂದಾಗ ಎಲ್ಲರೂ ಒಂದೊಂದು ಕಥೆ ತರ್ತಾರೆ ಅಂದ. ಡೈಲಾಗು ಕೈಮುಗಿದ ಮೇಲೆ ಸಾರಿಗೆ ಫೋನ್ ಹಚ್ಚಿ, ಇವನಿಗೂ ಕೇಳೋ ಹಾಗೆ ಸ್ಪೀಕರ್ ಹಾಕಿದ.

ಆ ಕಡೆಯಿಂದ ಸಾರು ಎಲ್ಲಾ ಕೇಳಿಸ್ಕೊಂಡ್ರು. ಆಮೇಲೆ ಅಂದ್ರು, "ಅವನು ಸ್ವಲ್ಪ ತಮಾಷೆ ಮನುಷ್ಯ ಸಾರ್. ಯಾರನ್ನ ಬೇಕಾದ್ರೂ ಕೇಳಿ."

ಅಕ್ಕ ಶರ್ಟಿನ ಕಾಲರ್ ಹೊಲೀತಾ ಎಲ್ಲಾನೂ ಕೇಳಿದ್ಳು. ಅವಳು ಹೊಲಿಗೆಯ ದುಡ್ಡಲ್ಲೇ ಒಂದೊಂದೇ ಗೋಡೆ ಎಬ್ಬಿಸಿದ ಮನೆ ಅದು. ನೇರಳೆ ಕಲ್ಲಿನ ವಿಷಯ ಬಂದಾಗ ಪೆಡಲ್ ನಿಂತಿತು. ಬೈತಾಳೆ ಅಂತ ಕಾದ. ಅವಳು ದಾರ ಕಚ್ಚಿ ಕತ್ತರಿಸಿ, "ಊಟ ಮಾಡಿದ್ಯಾ" ಅಂತ ಕೇಳಿದ್ಳು.

ಮನೆ ಕೆಡವೋ ದಿನ ಅವಳೇ ಬಾಗಿಲಿನ ಕೀಲು ಬಿಚ್ಚಿಕೊಟ್ಳು. ಗುಡ್ಡ ಅಗೆದ್ರು. ಕಪ್ಪು ಕಲ್ಲು ಬಂತು, ಮತ್ತೆ ಕಪ್ಪು ಕಲ್ಲು ಬಂತು. ಇನ್ನೂ ಆಳದಲ್ಲಿದೆ ಅಂತ ಟಿವಿಯಲ್ಲಿ ಹೇಳಿದ್ರು. ಸಾರಿಗೆ ಪ್ರಮೋಷನ್ ಆಯ್ತು.

ಬಾಡಿಗೆ ರೂಮಿನ ನೆಲ ಏರುತಗ್ಗು. ಅಕ್ಕ ಪೆಡಲ್ ತುಳಿದಾಗೆಲ್ಲ ಹೊಲಿಗೆ ಮಷಿನ್ ಕುಣೀತಿತ್ತು. ಒಂದು ಭಾನುವಾರ ಅವಳು, "ಏನಾದ್ರೂ ಡೈಲಾಗ್ ಹೊಡಿಯೋ, ಮನೆ ಬಿಕೋ ಅಂತಿದೆ" ಅಂದ್ಳು. ಅವನು ಜೇಬಿಂದ, ಅವತ್ತು ಬಾಕ್ಸಿಂದ ಕಿತ್ತಿದ್ದ ಒಂದು ಮರದ ತುಂಡು ತೆಗೆದು, ಬಗ್ಗಿ, ಮಷಿನ್ನಿನ ಕಾಲಡಿಗೆ ಸೇರಿಸಿದ. ದಪ್ಪಕ್ಷರದ "ಇಲ್ಲಿಲ್ಲ" ಅರ್ಧ ಹೊರಗೆ ಕಾಣ್ತಿತ್ತು.

ಅಕ್ಕ ಪೆಡಲ್ ತುಳಿದಳು. ಮಷಿನ್ ಅಲ್ಲಾಡಲಿಲ್ಲ.