ಚಕ್ರದ ಹಿಂದಿನ ನಟ್ಟುಗಳು

ಬ್ರೂಕ್‌ಫೀಲ್ಡಿನ ಬೈರಪ್ಪನವರಿಗೆ ಕಾರು ತೊಳೆಯುವುದೆಂದರೆ ಚಕ್ರ ತೊಳೆಯುವುದು. ಕಾರಿನ ಮೈಗೆ ಎರಡು ಬಕೆಟ್ ನೀರು ಸುರಿದರೆ ಅದರ ಕಥೆ ಮುಗಿಯಿತು. ಆಮೇಲೆ ಹಲ್ಲುಜ್ಜುವ ಹಳೆಯ ಬ್ರಶ್ ಹಿಡಿದು ಕುಕ್ಕರುಗಾಲಲ್ಲಿ ಕೂತರೆ, ನಾಲ್ಕು ಚಕ್ರಗಳೂ ಪಳಪಳ ಹೊಳೆಯುವವರೆಗೆ ಏಳುತ್ತಿರಲಿಲ್ಲ. ಆ ಭಾನುವಾರ ಬೆಳಿಗ್ಗೆಯೂ ಹಾಗೇ ಕೂತಿದ್ದರು. ಮಹಡಿ ಮನೆಯ ಬಾಡಿಗೆದಾರ ರುದ್ರೇಶ್ ಹಾಲಿನ ಪ್ಯಾಕೆಟ್ ಹಿಡಿದು ಬಂದವನು ಗೇಟಿನ ಹತ್ತಿರ ನಿಂತುಬಿಟ್ಟ.

“ನಿಮ್ ಕಾರು ಎಂಗೆ ಮಡಗಿದೀನಿ ನೋಡಿ ಸಾರ್,” ಎಂದು ಬೈರಪ್ಪ ನಕ್ಕರು. “ಇವತ್ತು ಅತ್ತಿಬೆಲೆಗೆ ಓಗ್ತಿದೀವಿ. ನಮ್ ಬಿಂದುಶ್ರೀಗೆ ಏಳು ತಿಂಗ್ಳು ತುಂಬ್ತು. ಮಗಳನ್ನ ಈ ಕಾರಲ್ಲೇ ಕರ್ಕೊಂಡ್ ಬರ್ಬೇಕು ಅಂತ ನಮ್ಮನೆಯೋಳು ಭದ್ರಮ್ಮಂದು ಒಂದೇ ಹಟ.”

ಮೂರು ತಿಂಗಳ ಹಿಂದೆ ಆ ಕಾರು ರುದ್ರೇಶನದು. ವೈಟ್‌ಫೀಲ್ಡಿನ ಕಾರ್ಖಾನೆಯಲ್ಲಿ ಬಡ್ತಿ ಸಿಕ್ಕಿ ಹೊಸ ಕಾರಿಗೆ ಹೆಸರು ಬರೆಸಿ ಸರದಿ ಕಾಯತೊಡಗಿದಾಗ, ಮನೆ ಮಾಲೀಕ ಬೈರಪ್ಪ ತಾವೇ ಕೇಳಿಕೊಂಡು ಬಂದಿದ್ದರು. ಅವರು ಮನಸೋತದ್ದು ಕಾರಿಗಲ್ಲ, ಆ ಅಗಲವಾದ ಚಕ್ರಗಳಿಗೆ. “ಕಂಪನಿ ಫಿಟಿಂಗಾ ಸಾರ್?” ಎಂದು ಕೇಳಿದ್ದಕ್ಕೆ ರುದ್ರೇಶ್ ತಲೆಯಾಡಿಸಿ, “ಹೌದು, ಕಂಪನಿಯದೇ,” ಎಂದಿದ್ದ.

ಅದು ಹಸಿ ಸುಳ್ಳು. ಆ ಚಕ್ರಗಳು ಯಾವುದೋ ದೊಡ್ಡ ಕಾರಿನವು, ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿದ್ದವು. ಅವುಗಳ ತೂತು ಈ ಪುಟ್ಟ ಕಾರಿನ ಬೋಲ್ಟುಗಳಿಗೆ ಹೊಂದುತ್ತಿರಲಿಲ್ಲ. ಪೀಣ್ಯದ ಲೇತ್ ಅಂಗಡಿಯವನೊಬ್ಬ ಕಬ್ಬಿಣದ ನಾಲ್ಕು ದಪ್ಪ ಬಿಲ್ಲೆಗಳನ್ನು ಕಡೆದುಕೊಟ್ಟು, ಇವನ್ನು ಅಡಾಪ್ಟರ್ ಅಂತಾರೆ ಎಂದಿದ್ದ. ಮೊದಲು ನಾಲ್ಕು ನಟ್ಟು ಹಾಕಿ ಬಿಲ್ಲೆಯನ್ನು ಕಾರಿಗೆ ಬಿಗಿಯಬೇಕು, ಆಮೇಲೆ ಬೇರೆ ನಾಲ್ಕು ನಟ್ಟು ಹಾಕಿ ಚಕ್ರವನ್ನು ಬಿಲ್ಲೆಗೆ ಬಿಗಿಯಬೇಕು. ಚಕ್ರ ಕೂತಿತೆಂದರೆ ಒಳಗಿನ ನಟ್ಟುಗಳು ಯಾರ ಕಣ್ಣಿಗೂ ಬೀಳುವುದಿಲ್ಲ. “ತಿಂಗ್ಳಿಗೊಂದ್ಸಲ ಚಕ್ರ ಬಿಚ್ಚಿ ಒಳಗಿನ್ ನಟ್ಟು ಟೈಟ್ ಮಾಡ್ಲೇಬೇಕು ಸಾರ್. ಇಲ್ಲಾಂದ್ರೆ ಓಡ್ತಾ ಓಡ್ತಾನೇ ಚಕ್ರ ಕಿತ್ಕೊಂಡ್ಬಿಡುತ್ತೆ,” ಎಂದು ಅವನು ಎಚ್ಚರಿಸಿದ್ದ. ರುದ್ರೇಶ್ ಒಂದು ತಿಂಗಳೂ ತಪ್ಪಿಸಿರಲಿಲ್ಲ. ಆದರೆ ಬೈರಪ್ಪನವರಿಗೆ ಇದನ್ನು ಹೇಳಬೇಕಾದರೆ ಮೊದಲು ಸುಳ್ಳನ್ನು ಒಪ್ಪಿಕೊಳ್ಳಬೇಕಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಮೂರು ತಿಂಗಳು ಕಳೆದಿದ್ದ.

“ಬೈರಪ್ಪನವರೇ, ಆ ಚಕ್ರ…”

“ಏನ್ ಸಾರ್?”

“ಗಾಳಿ ಚೆಕ್ ಮಾಡಿಸ್ಕೊಳ್ಳಿ,” ಎಂದ ರುದ್ರೇಶ್. ಅಷ್ಟು ಹೇಳಿ ತಾನೇ ಮುಂದಾಗಿ ಗೇಟು ತೆಗೆದ. ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ಭದ್ರಮ್ಮ ಕಾರು ಹತ್ತಿ ಕೈಬೀಸಿದರು.

ಮೇಲೆ ಬಂದು ಹೆಂಡತಿ ಹೇಮಲತಾಳಿಗೆ ಎಲ್ಲವನ್ನೂ ಹೇಳಿದ. ದಾವಣಗೆರೆಯ ಹೆಣ್ಣುಮಗಳು, ಯಾವುದಕ್ಕೂ ಸುಲಭಕ್ಕೆ ಗಾಬರಿಯಾಗುವವಳಲ್ಲ. “ಇಷ್ಟ್ ದಿನ ಏನೂ ಆಗಿಲ್ವಲ್ರಿ, ಇವತ್ತೇನು ಆಗ್ತದೆ? ಈಗ್ ಹೇಳಿದ್ರೆ ಮನಿ ಖಾಲಿ ಮಾಡ್ರಿ ಅಂತಾರ. ಮಗಳು ರಕ್ಷಿತಾಂದು ಸ್ಕೂಲು ಬ್ಯಾರೆ ಇಲ್ಲೇ ಹತ್ರ ಐತಿ. ಸುಮ್ನಿರ್ರಿ,” ಎಂದಳು. ಅವಳ ಮಾತೂ ಸುಳ್ಳಲ್ಲ. ಆದರೆ ರುದ್ರೇಶ್ ತಿಂಡಿಯ ತಟ್ಟೆಯನ್ನು ಅರ್ಧಕ್ಕೇ ಸರಿಸಿದ. ಮೊಬೈಲ್ ಇನ್ನೂ ಬಾರದ ಕಾಲ, ಅತ್ತಿಬೆಲೆಯ ಬೀಗರ ಮನೆಯಲ್ಲಿ ಫೋನೂ ಇರಲಿಲ್ಲ. ಹೊಸೂರು ರಸ್ತೆಯ ಲಾರಿಗಳ ನಡುವೆ ಆ ಕಾರು ಓಡುವುದನ್ನು ನೆನೆದಾಗಲೆಲ್ಲ ಬಾಲ್ಕನಿಗೆ ಬಂದು ರಸ್ತೆ ನೋಡುತ್ತಿದ್ದ. ನಾನೆಂಥ ಹೇಡಿ ಎಂದು ತನ್ನನ್ನೇ ಬೈದುಕೊಂಡ.

ಮಧ್ಯಾಹ್ನ ಮೂರರ ಹೊತ್ತಿಗೆ ಕಾರು ಬಂತು. ಬಿಂದುಶ್ರೀ ತಾಯಿಯ ಭುಜ ಹಿಡಿದು ನಿಧಾನವಾಗಿ ಇಳಿದಳು. ಬಾಲ್ಕನಿಯಲ್ಲಿ ನಿಂತಿದ್ದ ರುದ್ರೇಶನಿಗೆ ಹೋದ ಜೀವ ಬಂದಂತಾಯಿತು.

“ನೋಡ್ರಿ, ನಾ ಹೇಳ್ಲಿಲ್ಲೇನು?” ಎಂದಳು ಹೇಮಲತಾ.

ಹೌದಲ್ಲ, ಇನ್ನು ಹೇಳುವ ಅಗತ್ಯವೇನಿದೆ ಎಂದು ಅವನಿಗೂ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು. ಬೆಳಗಿನಿಂದ ಹೆದರಿ ಸತ್ತವನು, ಅವರು ಬದುಕಿ ಬಂದ ಕೂಡಲೇ ಮತ್ತೆ ಬಾಯಿ ಮುಚ್ಚಿಕೊಳ್ಳಲು ಹೊರಟಿದ್ದ. ಜ್ಯಾಕ್ ಮತ್ತು ಸ್ಪ್ಯಾನರ್ ಎತ್ತಿಕೊಂಡು ಕೆಳಗಿಳಿದ.

ಬೈರಪ್ಪ ಏನು ಸಾರ್, ಏನು ಸಾರ್ ಎನ್ನುತ್ತಿದ್ದಂತೆಯೇ ಎಡಗಡೆಯ ಮುಂದಿನ ಚಕ್ರ ಬಿಚ್ಚಿದ. ಅದರ ಹಿಂದಿದ್ದ ಬಿಲ್ಲೆ ಕಾಣಿಸಿತು. ಅಲ್ಲಿ ನಾಲ್ಕು ನಟ್ಟುಗಳಿರಬೇಕಿತ್ತು. ಒಂದು ಇರಲೇ ಇಲ್ಲ. ಇನ್ನೊಂದನ್ನು ಸ್ಪ್ಯಾನರ್ ಹಚ್ಚದೆ ಬರಿಯ ಎರಡು ಬೆರಳಿಂದ ತಿರುಗಿಸಿ ತೆಗೆದು ಬೈರಪ್ಪನವರ ಅಂಗೈಗೆ ಹಾಕಿದ.

“ಕಂಪನಿ ಫಿಟಿಂಗ್ ಅಲ್ಲ. ನಾನು ಸುಳ್ಳು ಹೇಳಿದೆ,” ಎಂದು ಶುರುಮಾಡಿ, ಗುಜರಿಯಿಂದ ಹಿಡಿದು ಎಲ್ಲವನ್ನೂ ಹೇಳಿದ. ಭದ್ರಮ್ಮ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಬೆಳಿಗ್ಗೆನೇ ಹೇಳೋಕೆ ಏನಾಗಿತ್ತಣ್ಣ?” ಎಂದಳು ಬಿಂದುಶ್ರೀ.

“ನಾಚಿಕೆ ಆಯ್ತಮ್ಮ.”

“ನಿಮ್ ನಾಚಿಕೆಗೆ ನಾವ್ ಸಾಯ್ಬೇಕಿತ್ತಾ?”

ಬೈರಪ್ಪ ಅಂಗೈಯ ನಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಬೈದರೆ ಬೈಸಿಕೊಳ್ಳಲು, ಮನೆ ಬಿಡಿ ಎಂದರೆ ಬಿಡಲು ರುದ್ರೇಶ್ ಸಿದ್ಧನಿದ್ದ. ಅವರು ಕೇಳಿದ್ದೇ ಬೇರೆ.

“ಇಂಥದ್ದು ಇನ್ಯಾರಿಗಾದ್ರೂ ಆಕ್ಸಿ ಕೊಟ್ಟಿದೀರಾ?”

ಚಕ್ರ ಮೆಚ್ಚಿ ಕೇಳಿದವರನ್ನು ರುದ್ರೇಶನೇ ಹೆಮ್ಮೆಯಿಂದ ಪೀಣ್ಯಕ್ಕೆ ಕರೆದುಕೊಂಡು ಹೋಗಿದ್ದ. ನಟ್ಟಿನ ಮಾತನ್ನು ಅವರಿಗೆ ಲೇತ್ ಅಂಗಡಿಯವನು ಹೇಳಿದ್ದನೋ ಇಲ್ಲವೋ, ರುದ್ರೇಶ್ ವಿಚಾರಿಸಿರಲಿಲ್ಲ.

“ಇಬ್ಬರಿಗೆ,” ಎಂದ. “ಫ್ಯಾಕ್ಟ್ರೀಲಿ ಹರ್ಷವರ್ಧನ್ ಅಂತ ಒಬ್ರು. ಇನ್ನೊಬ್ರು ನಮ್ ಮ್ಯಾನೇಜರು, ಚನ್ನವೀರಪ್ಪನವರು.”

“ನಿಮ್ಮನ್ ಬಯ್ಯೋದು ಆಮೇಲೆ ಬಯ್ತೀನಿ,” ಎಂದರು ಬೈರಪ್ಪ. “ಮೊದ್ಲು ಅವ್ರ್ ಮನೆಗೆ ಓಗಿ. ಬಾನುವಾರ, ಎಂಡ್ರು ಮಕ್ಕಳನ್ನ ಕೂರಿಸ್ಕೊಂಡು ಎಲ್ಲಿಗಾದ್ರೂ ಒಂಟ್ಬಿಟ್ಟಾರು.”

ರುದ್ರೇಶ್ ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡು ಸ್ಕೂಟರ್ ಒದ್ದ. ಹರ್ಷವರ್ಧನ್ ಗೆಳೆಯ, ಅವನಿಗೆ ಹೇಳುವುದು ಸುಲಭವಿತ್ತು. ಮ್ಯಾನೇಜರ್‌ಗೆ ಹೇಳುವುದು ಕಷ್ಟ, ಆದರೆ ಅವರ ಮನೆ ಹತ್ತಿರವಿತ್ತು. ಅವನು ಮ್ಯಾನೇಜರ್ ಮನೆಯ ಕಡೆಗೇ ತಿರುಗಿಸಿದ.